ನಿಮ್ಮ ಮೌಲ್ಯಗಳನ್ನು ಗೌರವಿಸುವ ಹಣಕಾಸು ಸಲಹೆಗಾರರನ್ನು ಹುಡುಕುವುದು ಹೇಗೆ? ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿಯಿರಲಿ, ಸಾಗರವಿರಲಿ, ಶಿವಮೊಗ್ಗ ಪೇಟೆಯೇ ಇರಲಿ, ಈ ಕೆಲಸ ಕೆಡುವುದು ಒಂದೇ ರೀತಿಯಲ್ಲಿ. ಅಡಿಕೆ ದುಡ್ಡೋ ನಿವೃತ್ತಿಯ ಗಂಟೋ ಕೈಗೆ ಬಂದಿರುತ್ತದೆ. "ಯಾರಾದ್ರೂ ನಂಬಿಕಸ್ಥರು ಇದ್ರೆ ಹೇಳಿ ಮಾರಾಯ್ರೇ" ಎಂದು ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಒಂದು ಹೆಸರು ಸಿಗುತ್ತದೆ. ವಿಚಾರಿಸಿದರೆ ದೂರದ ಸಂಬಂಧಿಕರೂ ಹೌದು. ಆರು ತಿಂಗಳು ಕಳೆಯುವಷ್ಟರಲ್ಲಿ ಬೀರುವಿನಲ್ಲಿ ಎರಡು ಪಾಲಿಸಿ ಬಾಂಡು, ಫೋನಿನಲ್ಲಿ ನಾಲ್ಕು ಮ್ಯೂಚುಯಲ್ ಫಂಡು. ಮನೆಯಲ್ಲಿ ಬೀಡಿ ಸಿಗರೇಟು ಕಂಡರಾಗದವರ ದುಡ್ಡು ಸಿಗರೇಟು ಕಂಪನಿಯ ಷೇರಿನಲ್ಲಿ ಕೂತಿದೆ ಎಂಬುದು ಗೊತ್ತಾಗುವುದು ಇನ್ನೂ ಎರಡು ವರ್ಷ ಬಿಟ್ಟು.

ಬಂದು ಕಾಫಿ ಕುಡಿದು ಹೋದ ಮನುಷ್ಯ ಕೆಟ್ಟವರಾಗಿರಬೇಕಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿತ್ತು, ಅಷ್ಟೇ. ಮೊದಲು ಮನುಷ್ಯರನ್ನು ಆರಿಸಿ, ಆಮೇಲೆ ದುಡ್ಡು ಕೊಟ್ಟು, ಕೊನೆಗೆ ನಮಗೇನು ಬೇಕು ಎಂದು ಯೋಚಿಸಲಾಗಿತ್ತು. "ನಮ್ಮವರು" ಎಂಬುದು ಬೇರೆ, "ನಮ್ಮ ಮೌಲ್ಯಕ್ಕೆ ಬೆಲೆ ಕೊಡುವವರು" ಎಂಬುದು ಬೇರೆ. ಎರಡನೆಯದನ್ನು ಪರೀಕ್ಷಿಸಲು ಸಾಧ್ಯ. ಅದಕ್ಕೆ ಮಾಡಬೇಕಾದ ಕೆಲಸಗಳನ್ನು ಇಲ್ಲಿ ಕ್ರಮವಾಗಿ ಕೊಟ್ಟಿದೆ. ಕ್ರಮ ತಪ್ಪಿಸಬೇಡಿ.

## ಶುರು ಮಾಡುವ ಮೊದಲು: ಸಮಯ ಮತ್ತು ಸಾಮಾನು

ಎರಡು ತಿಂಗಳು ಇಟ್ಟುಕೊಳ್ಳಿ. ತೋಟದವರಾದರೆ ಮಳೆಗಾಲವೇ ಒಳ್ಳೆಯದು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಿದ ಮೇಲೆ ಸಿಗುವ ಬಿಡುವು ಸಾಕು. ಅಡಿಕೆಯ ಕೊನೆಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಬಂದ ವಾರದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ಆ ವಾರ ನಿಮಗೆ ಫೋನ್ ಮಾಡುವವರೆಲ್ಲ ಏನಾದರೂ ಮಾರುವವರೇ.

ಒಂದು ನೋಟ್‌ಬುಕ್ ಬೇಕು. ಕಳೆದ ಮೂರು ವರ್ಷದ ಮಂಡಿ ಪಟ್ಟಿ ಅಥವಾ ಸಂಬಳದ ಚೀಟಿ, ಎಲ್ಲ ಸಾಲಗಳ ಲೆಕ್ಕ (ಸೊಸೈಟಿಯ ಬೆಳೆಸಾಲ, ಚಿನ್ನದ ಸಾಲ ಸೇರಿ), ಎಲ್ಲ ವಿಮಾ ಪಾಲಿಸಿಗಳ ಮೊದಲ ಪುಟದ ಜೆರಾಕ್ಸ್, ಠೇವಣಿ ರಸೀದಿಗಳು ಒಂದೆಡೆ ಇರಲಿ. ಮ್ಯೂಚುಯಲ್ ಫಂಡ್ ಇದ್ದರೆ ಅವುಗಳ ಒಟ್ಟು ಖಾತೆ ವಿವರಣೆಯನ್ನು ಪಾನ್ ಸಂಖ್ಯೆ ಮತ್ತು ನೋಂದಾಯಿತ ಇಮೇಲ್ ಕೊಟ್ಟು ಫಂಡುಗಳ ಲೆಕ್ಕಪತ್ರ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಿಂದ ತರಿಸಿಕೊಳ್ಳಿ. ಕಾಸು ಬೀಳುವುದಿಲ್ಲ.

ಆ ವಿವರಣೆಯಲ್ಲಿ ಎರಡು ಜಾಗ ನೋಡಿ. ಮೊದಲನೆಯದು ಸ್ಕೀಮಿನ ಹೆಸರು: "ರೆಗ್ಯುಲರ್" ಎಂದಿದ್ದರೆ ಮಧ್ಯವರ್ತಿಯ ಕಮಿಷನ್ ಹೋಗುತ್ತಿದೆ, "ಡೈರೆಕ್ಟ್" ಎಂದಿದ್ದರೆ ಇಲ್ಲ. ಎರಡನೆಯದು ಆರು ತಿಂಗಳಿಗೊಮ್ಮೆ ಬರುವ ವಿವರಣೆಯಲ್ಲಿರುವ ಕಮಿಷನ್ ಸಾಲು. ನಿಮ್ಮ ದುಡ್ಡಿನಿಂದ ಮಧ್ಯವರ್ತಿಗೆ ಹೋದ ಮೊತ್ತ ಅಲ್ಲಿ ರೂಪಾಯಿಯ ಲೆಕ್ಕದಲ್ಲೇ ಇರುತ್ತದೆ. "ನಾನು ನಿಮ್ಮಿಂದ ಒಂದು ಪೈಸೆ ತಗೊಳ್ಳಲ್ಲ" ಎಂಬ ಮಾತನ್ನು ಈ ಸಾಲಿನ ಪಕ್ಕದಲ್ಲಿಟ್ಟು ನೋಡಬಹುದು.

## ಹಂತ 1: ಮೌಲ್ಯಗಳನ್ನು ಲೆಕ್ಕಕ್ಕೆ ಸಿಗುವ ವಾಕ್ಯಗಳಾಗಿ ಬರೆಯಿರಿ

ಹೆಚ್ಚಿನ ಮನೆಯವರು ಎಡವುವುದು ಇಲ್ಲೇ. "ಧರ್ಮದ ದುಡ್ಡು ಇರಬೇಕು", "ಪರಿಸರಕ್ಕೆ ಕೆಟ್ಟದ್ದು ಬೇಡ" ಎಂದರೆ ಎಂಥ ಸಲಹೆಗಾರರೂ ತಲೆಯಾಡಿಸುತ್ತಾರೆ. ತಲೆಯಾಡಿಸಲು ಖರ್ಚಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ವಾಕ್ಯ ಬೇಕು.

ನೋಟ್‌ಬುಕ್‌ನ ಎರಡು ಪುಟ ಸೇರಿಸಿ ನಾಲ್ಕು ಕಾಲಂ ಎಳೆಯಿರಿ: ಮುಟ್ಟಲೇಬಾರದ್ದು, ಮಿತಿಯೊಳಗೆ ಸಹಿಸಬಹುದಾದದ್ದು, ಆಗಲೇಬೇಕಾದದ್ದು, ಇದಕ್ಕಾಗಿ ಎಷ್ಟು ಬಿಟ್ಟುಕೊಡಬಲ್ಲೆವು. ತುಂಬಿದ ಪುಟ ಹೀಗೆ ಕಾಣಬಹುದು:

- ಮುಟ್ಟಲೇಬಾರದ್ದು: ತಂಬಾಕು, ಮದ್ಯ, ಜೂಜು ಕಂಪನಿಗಳ ನೇರ ಷೇರು. ತೋಟ ಅಡವಿಟ್ಟು ಹೂಡಿಕೆ. ಮನೆಯ ಇನ್ನೊಬ್ಬರಿಗೆ ತಿಳಿಸದೆ ಯಾವುದೇ ಸಹಿ.
- ಮಿತಿಯೊಳಗೆ: ಫಂಡುಗಳ ಮೂಲಕ ಇಂಥ ಕಂಪನಿಗಳಿಗೆ ಹೋಗುವ ಪಾಲು ನಮ್ಮ ಒಟ್ಟು ಹೂಡಿಕೆಯ ಶೇ. 1 ಮೀರಬಾರದು.
- ಆಗಲೇಬೇಕಾದದ್ದು: ಮಗಳಿಗೂ ಮಗನಷ್ಟೇ ಪಾಲು. ಅಮ್ಮನ ಔಷಧಿಗೆ ಬೇರೆಯೇ ಖಾತೆ. ವರ್ಷದ ಉಳಿತಾಯದಲ್ಲಿ ಶೇ. 5 ಊರಿನ ಶಾಲೆಗೆ.
- ಬಿಟ್ಟುಕೊಡುವುದು: ಇದರಿಂದ ವರ್ಷಕ್ಕೆ ಶೇ. 0.5ರಷ್ಟು ಗಳಿಕೆ ಕಡಿಮೆಯಾದರೂ ಅಡ್ಡಿಯಿಲ್ಲ.

ಬಡ್ಡಿ ಮುಟ್ಟದವರು ಮೊದಲ ಕಾಲಂನಲ್ಲೇ ಅದನ್ನು ಬರೆಯಬೇಕು. ಗಣಿಗಾರಿಕೆ ಬೇಡ ಎನ್ನುವವರು ಯಾವ ಗಣಿ ಎಂಬುದನ್ನೂ ಬರೆಯಿರಿ. ಕುದುರೆಮುಖದ ಅದಿರಿನ ಗಣಿಯನ್ನು ಕಂಡವರಿಗೆ ಕಬ್ಬಿಣವೇ ಬೇಡವೆನಿಸಬಹುದು, ಭದ್ರಾವತಿ ಕಾರ್ಖಾನೆಯ ಸಂಬಳದಲ್ಲಿ ಬೆಳೆದ ಮನೆಗೆ ಉಕ್ಕು ಅನ್ನ ಕೊಟ್ಟ ಕಸುಬು. ಶರಾವತಿಯ ಮುಳುಗಡೆಯಲ್ಲಿ ಊರು ಬಿಟ್ಟ ಕುಟುಂಬಕ್ಕೂ ಜಲವಿದ್ಯುತ್ತನ್ನು ಶುದ್ಧ ಇಂಧನವೆಂದು ಮೆಚ್ಚುವವರಿಗೂ "ಪರಿಸರಸ್ನೇಹಿ" ಪದದ ಅರ್ಥ ಒಂದೇ ಅಲ್ಲ. ಪದ ಬಿಟ್ಟು ಪಟ್ಟಿ ಬರೆಯಿರಿ ಎನ್ನುವುದು ಅದಕ್ಕೇ.

ಅಡಿಕೆ ಬೆಳೆಯುವವರು ತಂಬಾಕು ಬೇಡ ಎಂದಾಗ, "ನಿಮ್ಮ ಅಡಿಕೆ ಗುಟ್ಕಾಕ್ಕೇ ಹೋಗಲ್ವಾ?" ಎಂಬ ಮಾತು ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ನಿಮ್ಮ ಮನೆಯ ಜಗಲಿಯ ಚರ್ಚೆ. ದುಡ್ಡು ತೆಗೆದುಕೊಂಡು ಕೆಲಸ ಮಾಡುವ ಸಲಹೆಗಾರರು ಅದನ್ನು ಚುಚ್ಚುಮಾತಾಗಿ ಆಡಿದರೆ ಹುಡುಕಾಟ ಮುಂದುವರಿಸಿ.

ಆಗುವ ತಪ್ಪು: ಈ ಪುಟವನ್ನು ಯಜಮಾನರೊಬ್ಬರೇ ತುಂಬುವುದು. ಗಂಡ ಹೆಂಡತಿ ಬೇರೆ ಬೇರೆ ಹಾಳೆಯಲ್ಲಿ ಬರೆದು, ಆಮೇಲೆ ಒಟ್ಟಿಗೆ ಇಟ್ಟು ನೋಡಿ. ಕೂಡಿಬರದ ಸಾಲುಗಳನ್ನು ಹೊರಗಿನವರು ಬರುವ ಮೊದಲೇ ಬಗೆಹರಿಸಿಕೊಳ್ಳಿ.

## ಹಂತ 2: ಈಗಿನ ದುಡ್ಡು ಎಲ್ಲಿ ಕೂತಿದೆ ನೋಡಿ

ನಿಫ್ಟಿ 50 (ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಇಂಡೆಕ್ಸ್ ಫಂಡ್ ಕೊಂಡವರೆಲ್ಲರ ಬಳಿ ಸಿಗರೇಟು ತಯಾರಿಸುವ ಐಟಿಸಿ ಕಂಪನಿಯ ಷೇರಿನ ಒಂದು ತುಣುಕು ಇದ್ದೇ ಇದೆ, ಏಕೆಂದರೆ ಆ ಸೂಚ್ಯಂಕದಲ್ಲಿ ಐಟಿಸಿ ಇದೆ. ಐಟಿಸಿಯ ದೊಡ್ಡ ಷೇರುದಾರರಲ್ಲಿ ಎಲ್‌ಐಸಿಯೂ ಒಂದು. ಹಾಗಾಗಿ ಪಾಲಿಸಿ ಕಟ್ಟಿದವರೂ ಪೂರ್ತಿ ಹೊರಗಿನವರಲ್ಲ. ನೂರಕ್ಕೆ ನೂರು ಶುದ್ಧ ಹೂಡಿಕೆ ಎಂಬುದು ಹಲವು ಕಂಪನಿಗಳ ಷೇರು ಬೆರೆತ ಫಂಡುಗಳಲ್ಲಿ ಸಿಗುವುದಿಲ್ಲ. ಮಿತಿಯ ಕಾಲಂ ಇಟ್ಟದ್ದು ಇದಕ್ಕೆ.

ಲೆಕ್ಕ ಸುಲಭ. ಪ್ರತಿ ಮ್ಯೂಚುಯಲ್ ಫಂಡೂ ತಿಂಗಳು ಮುಗಿದ 10 ದಿನದೊಳಗೆ ತನ್ನಲ್ಲಿರುವ ಷೇರುಗಳ ಪೂರ್ತಿ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಬೇಕು. ನಿಮ್ಮ ಒಟ್ಟು ದುಡ್ಡಿನ ಶೇ. 40 ಒಂದು ಫಂಡಿನಲ್ಲಿದೆ, ಆ ಫಂಡಿನ ಶೇ. 4 ತಂಬಾಕು ಕಂಪನಿಯಲ್ಲಿದೆ ಎಂದುಕೊಳ್ಳಿ. ಆಗ ನಿಮ್ಮ ಪಾಲು ಶೇ. 1.6. ಮಿತಿ ಶೇ. 1 ಇದ್ದರೆ ಮೀರಿದಂತಾಯಿತು. ಎಲ್ಲ ಫಂಡುಗಳಿಗೂ ಹೀಗೆ ಗುಣಿಸಿ ಕೂಡಿಸಿ.

"ಇಎಸ್‌ಜಿ" (ಪರಿಸರ, ಸಮಾಜ, ಆಡಳಿತ ನೋಡಿ ಹೂಡುವುದು) ಎಂದು ಹೆಸರಿದ್ದರೆ ಈ ಲೆಕ್ಕ ಬೇಡ ಎಂದುಕೊಳ್ಳಬೇಡಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2023ರಲ್ಲಿ ಇಎಸ್‌ಜಿ ಫಂಡುಗಳಿಗೆ ಆರು ಬಗೆ ಮಾಡಿತು. ಹೊರಗಿಡುವ ಬಗೆಯ ಫಂಡು ಯಾವ ಉದ್ಯಮ ಬೇಡ ಎಂದು ಹೆಸರಿಸಿ ಬಿಡುತ್ತದೆ. ಉದ್ಯಮದಲ್ಲೇ ಉತ್ತಮರನ್ನು ಆರಿಸುವ ಬಗೆಯ ಫಂಡು ನೀವು ಬೇಡವೆಂದ ಉದ್ಯಮದಲ್ಲೂ ಹೆಚ್ಚು ಅಂಕ ಪಡೆದ ಕಂಪನಿಯನ್ನು ಇಟ್ಟುಕೊಳ್ಳಬಹುದು. ನಿಯಮದ ಪ್ರಕಾರ ಇಎಸ್‌ಜಿ ಫಂಡಿನ ಕನಿಷ್ಠ ಶೇ. 80 ದುಡ್ಡು ಆ ಧೋರಣೆಗೆ ತಕ್ಕಂತೆ ಇರಬೇಕು. ಉಳಿದದ್ದನ್ನೂ ಓದಿ ನೋಡಿ.

ಬಡ್ಡಿಯ ವ್ಯವಹಾರ ಬೇಡ ಎನ್ನುವವರಿಗೆ ಟಾಟಾ ಎಥಿಕಲ್ ಫಂಡ್, ಟಾರಸ್ ಎಥಿಕಲ್ ಫಂಡ್, ನಿಪ್ಪಾನ್ ಇಂಡಿಯಾ ಶರಿಯಾ ಬೀಸ್‌ನಂಥವು ಇವೆ. ಇವು ಬ್ಯಾಂಕು, ಮದ್ಯದಂಥ ಉದ್ಯಮಗಳನ್ನೂ ಸಾಲದ ಹೊರೆ ಜಾಸ್ತಿಯಿರುವ ಕಂಪನಿಗಳನ್ನೂ ಬಿಡುತ್ತವೆ. ಧರ್ಮದ ಕಾರಣವಿಲ್ಲದೆಯೂ ಮದ್ಯ ಬೇಡವೆಂದು ಇವನ್ನು ಆರಿಸಲು ಏನೂ ಅಡ್ಡಿಯಿಲ್ಲ. ಒಂದು ಪರಿಣಾಮ ಮಾತ್ರ ಗೊತ್ತಿರಲಿ: ನಿಫ್ಟಿಯ ತೂಕದಲ್ಲಿ ಮೂರನೇ ಒಂದು ಭಾಗದ ಆಸುಪಾಸು ಬ್ಯಾಂಕು ಮತ್ತು ಹಣಕಾಸು ಕಂಪನಿಗಳದ್ದೇ. ಅವು ಏರಿದ ವರ್ಷ ನಿಮ್ಮ ಫಂಡು ಹಿಂದೆ ಬೀಳುತ್ತದೆ, ಅವು ಕುಸಿದ ವರ್ಷ ಮುಂದಿರಬಹುದು. ನಾಲ್ಕನೇ ಕಾಲಂನಲ್ಲಿ ಏನು ಬರೆದಿದ್ದೀರಿ ಎಂದು ಆಗ ನೋಡಿಕೊಳ್ಳಿ.

"ನಮ್ಮ ದುಡ್ಡು ನಮ್ಮೂರಲ್ಲೇ ಇರಲಿ" ಎಂಬುದೂ ಮೌಲ್ಯವೇ. ಆದರೆ ಜಾಗ ನೋಡಿ ಇಡಿ. ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕುಗಳ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘ ಮತ್ತು ಸೌಹಾರ್ದಗಳ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ ಸಹಕಾರಿ ಎಂದಿದ್ದ ಮಾತ್ರಕ್ಕೆ ಬ್ಯಾಂಕು ಅಲ್ಲ.

## ಹಂತ 3: ಯಾರು ಯಾರ ಕೆಲಸಗಾರ ಎಂದು ತಿಳಿದುಕೊಳ್ಳಿ

ವಿಮಾ ಏಜೆಂಟರು ವಿಮಾ ಕಂಪನಿಯ ಪ್ರತಿನಿಧಿ. ಅವರ ದುಡಿಮೆ ಮೊದಲ ವರ್ಷದ ಪ್ರೀಮಿಯಂನಲ್ಲೇ ಹೆಚ್ಚು. ಮ್ಯೂಚುಯಲ್ ಫಂಡ್ ವಿತರಕರಿಗೆ ಎಆರ್‌ಎನ್ ಎಂಬ ಸಂಖ್ಯೆ ಇರುತ್ತದೆ, ನಿಮ್ಮ ದುಡ್ಡು ಫಂಡಿನಲ್ಲಿ ಇರುವಷ್ಟು ಕಾಲ ಫಂಡ್ ಕಂಪನಿ ಅವರಿಗೆ ಕಮಿಷನ್ ಕೊಡುತ್ತದೆ. ಬ್ಯಾಂಕಿನಲ್ಲಿ ನಿಮ್ಮನ್ನು ಒಳಗೆ ಕರೆದು ಕೂರಿಸುವ ರಿಲೇಷನ್‌ಶಿಪ್ ಮ್ಯಾನೇಜರ್‌ಗೆ ತಿಂಗಳ ಟಾರ್ಗೆಟ್ ಇರುತ್ತದೆ. ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರು ಮಾತ್ರ ಫೀಸನ್ನು ನಿಮ್ಮಿಂದ ಪಡೆದು, ನಿಮ್ಮ ಹಿತವನ್ನೇ ಮುಂದಿಡಬೇಕೆಂಬ ಕಾನೂನಿನ ಬಾಧ್ಯತೆ ಹೊತ್ತವರು. ಒಬ್ಬ ಗ್ರಾಹಕರಿಂದ ಫೀಸೂ ಪಡೆದು ಅವರ ಹೂಡಿಕೆಯ ಮೇಲೆ ಕಮಿಷನ್ನನ್ನೂ ಪಡೆಯುವಂತಿಲ್ಲ.

ಕಮಿಷನ್ನಿನ ಒಂದು ಪರ್ಸೆಂಟು ಸಣ್ಣದಾಗಿ ಕಾಣುತ್ತದೆ. 10 ಲಕ್ಷ ರೂಪಾಯಿ 20 ವರ್ಷ ಶೇ. 11ರಲ್ಲಿ ಬೆಳೆದರೆ 80.6 ಲಕ್ಷ, ಶೇ. 10ರಲ್ಲಿ ಬೆಳೆದರೆ 67.3 ಲಕ್ಷ. ನಡುವಿನ 13 ಲಕ್ಷದಲ್ಲಿ ಮಗಳ ಓದು ಮುಗಿಯುತ್ತದೆ.

ಹಾಗೆಂದು ಎಲ್ಲರೂ ಫೀಸು ಕೊಟ್ಟೇ ಸಲಹೆ ಪಡೆಯಬೇಕಿಲ್ಲ. ಒಟ್ಟು ಉಳಿತಾಯ 5 ಲಕ್ಷ ಇರುವಾಗ 20,000 ಫೀಸು ಎಂದರೆ ಶೇ. 4, ಅದು ದುಬಾರಿ. ಅಂಥವರು ಒಂದು ಸಲದ ಯೋಜನೆ ಮಾತ್ರ ಬರೆಸಿಕೊಳ್ಳಬಹುದು, ಇಲ್ಲವೇ ಕಮಿಷನ್ ಎಷ್ಟೆಂದು ಮುಚ್ಚುಮರೆಯಿಲ್ಲದೆ ಹೇಳುವ ವಿತರಕರ ಬಳಿ ಹೋಗಬಹುದು. ಪ್ರಾಮಾಣಿಕ ವಿತರಕರು ಇದ್ದಾರೆ. ಅವರು ತಮ್ಮನ್ನು ಸಲಹೆಗಾರರು ಎಂದು ಕರೆದುಕೊಳ್ಳುವುದಿಲ್ಲ.

## ಹಂತ 4: ಐದು ಹೆಸರು ಪಟ್ಟಿ ಮಾಡಿ, ಎಲ್ಲರನ್ನೂ ತಾಳೆ ನೋಡಿ

ಸೆಬಿಯ ಜಾಲತಾಣದಲ್ಲಿ ಮಾನ್ಯತೆ ಪಡೆದ ಮಧ್ಯವರ್ತಿಗಳ ಪಟ್ಟಿಯಲ್ಲಿ ಹೂಡಿಕೆ ಸಲಹೆಗಾರರ ವಿಭಾಗಕ್ಕೆ ಹೋಗಿ. ದೇಶಕ್ಕೆಲ್ಲ ಇವರ ಸಂಖ್ಯೆ ಸಾವಿರದ ಆಸುಪಾಸು, ಅದರಲ್ಲಿ ನಮ್ಮ ಜಿಲ್ಲೆಯ ಹೆಸರು ಹೆಚ್ಚು ಸಿಗುತ್ತದೆಂದು ನಿರೀಕ್ಷಿಸಬೇಡಿ. ಊರಿನ ಹೆಸರು ಹಾಕುವಾಗ ಶಿವಮೊಗ್ಗ ಎಂದೂ ಹುಡುಕಿ, ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗಿನ ಶಿಮೊಗ ಎಂದೂ ಹುಡುಕಿ. ಆಮೇಲೆ ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿ. ವಿಡಿಯೋ ಕರೆಯಲ್ಲಿ ಈ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಹೊಸನಗರದ ಒಳಹಳ್ಳಿಯವರು ನೆಟ್‌ವರ್ಕಿಗೆಂದು ಗುಡ್ಡ ಹತ್ತುವ ಬದಲು, ಪೇಟೆಗೆ ಹೋದ ದಿನ ನೆಂಟರ ಮನೆಯಲ್ಲಿ ಕೂತು ಮಾತಾಡಲಿ.

ಪ್ರತಿ ಹೆಸರಿಗೂ ಮೂರು ತಾಳೆ. ನೋಂದಣಿ ಸಂಖ್ಯೆ ಐಎನ್‌ಎ ಎಂದು ಶುರುವಾಗಬೇಕು. ಐಎನ್‌ಎಚ್ ಎಂದರೆ ಸಂಶೋಧನಾ ವಿಶ್ಲೇಷಕರು, ಐಎನ್‌ಜೆಡ್ ಎಂದರೆ ಬ್ರೋಕರ್. ಎರಡನೆಯದು, ಅವರು ಕೊಟ್ಟ ಫೋನು, ಇಮೇಲ್ ಸೆಬಿ ಪಟ್ಟಿಯಲ್ಲಿರುವುದೇ ಆಗಿರಬೇಕು. ಮೋಸಗಾರರು ಬೇರೆಯವರ ನಿಜವಾದ ಸಂಖ್ಯೆಯನ್ನೇ ಕದ್ದು ಬಳಸುತ್ತಾರೆ, ಹಾಗಾಗಿ ಪಟ್ಟಿಯಲ್ಲಿರುವ ಸಂಪರ್ಕಕ್ಕೆ ನೀವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಮೂರನೆಯದು, ಅವರ ಹೆಸರಿನ ಮೇಲೆ ಸೆಬಿಯ ಆದೇಶ ಏನಾದರೂ ಇದೆಯೇ ಎಂದು ಅದೇ ಜಾಲತಾಣದಲ್ಲಿ ಹುಡುಕಿ.

ವಿತರಕರಾದರೆ ಎಆರ್‌ಎನ್ ಸಂಖ್ಯೆಯನ್ನು ಮ್ಯೂಚುಯಲ್ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ನೋಡಬಹುದು.

## ಹಂತ 5: ಮೊದಲ ಮಾತುಕತೆ, 45 ನಿಮಿಷ

ಮೂವರ ಜೊತೆ ಮಾತಾಡಿ. ಇಬ್ಬರೂ ಕೂತುಕೊಳ್ಳಿ. ಮೌಲ್ಯದ ಪುಟವನ್ನು ಮೊದಲೇ ತೋರಿಸಬೇಡಿ. ಅವರು ನಿಮ್ಮ ಬಗ್ಗೆ ಏನು ಕೇಳುತ್ತಾರೆ ನೋಡಿ. ಹದಿನೈದು ನಿಮಿಷ ಕಳೆದರೂ ಸಾಲ, ಅವಲಂಬಿತರು, ಆದಾಯ ಬರುವ ತಿಂಗಳು ಯಾವುದನ್ನೂ ಕೇಳದೆ ಗ್ರಾಫ್ ತೋರಿಸುತ್ತಿದ್ದರೆ ಉಳಿದ ಅರ್ಧ ಗಂಟೆ ನಿಮ್ಮದು, ಉಳಿಸಿಕೊಳ್ಳಿ.

ಆಮೇಲೆ ನಿಮ್ಮ ಪ್ರಶ್ನೆ. "ನಿಮಗೆ ದುಡ್ಡು ಎಲ್ಲೆಲ್ಲಿಂದ ಬರುತ್ತೆ ಸರ್?" ಎಂಬುದರಿಂದಲೇ ಶುರು ಮಾಡಿ. ಒಂದು ವಾಕ್ಯದಲ್ಲಿ ಉತ್ತರ ಬರಬೇಕು. ಮನೆಯವರ ಹೆಸರಿನಲ್ಲಿ ಏಜೆನ್ಸಿ ಇದೆಯೇ ಎಂದೂ ಕೇಳಿ, ಸಂಕೋಚ ಬೇಡ.

ಎರಡನೆಯದು ಮೌಲ್ಯದ ಪರೀಕ್ಷೆ: "ನಿಫ್ಟಿ ಇಂಡೆಕ್ಸ್ ಫಂಡಲ್ಲಿ ತಂಬಾಕು ಇದೆಯಾ ಮೇಡಂ?"

"ಇದೆ, ಐಟಿಸಿ ಇದೆ. ಈ ತಿಂಗಳ ಪಟ್ಟಿ ತೆಗೆದು ಎಷ್ಟು ಅಂತ ಹೇಳ್ತೀನಿ. ಅದನ್ನ ಬಿಡಬೇಕು ಅಂದ್ರೆ ಈ ಮೂರು ದಾರಿ ಇದೆ, ಒಂದೊಂದಕ್ಕೂ ಖರ್ಚು ಇಷ್ಟು" ಎಂದರೆ ಅವರಿಗೆ ಕೆಲಸ ಗೊತ್ತಿದೆ. "ಅದನ್ನೆಲ್ಲ ನೋಡ್ತಾ ಕೂತ್ರೆ ದುಡ್ಡಾಗಲ್ಲ" ಎಂದರೆ ಉತ್ತರ ಪ್ರಾಮಾಣಿಕವೇ, ಆದರೆ ಅವರು ನಿಮಗಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಯಾವ ಪಟ್ಟಿಯನ್ನೂ ತೆಗೆಯದೆ, "ಇಲ್ಲ ಇಲ್ಲ, ಅಂಥದ್ದೇನೂ ಇರಲ್ಲ" ಎಂದು ಹೇಳುವುದು.

ಮೂರನೆಯದು ತೋಟದವರಿಗೆ: "ನಮಗೆ ದುಡ್ಡು ಬರೋದು ವರ್ಷಕ್ಕೆ ಒಂದೆರಡು ಸಲ. ಕೊಳೆರೋಗ ಬಂದ ವರ್ಷ ಅದೂ ಅರ್ಧ." ಇದಕ್ಕೆ ತಿಂಗಳಿಗೆ 20,000 ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಎಂದು ಬರೆಯುವವರಿಗೆ ಮಲೆನಾಡು ಗೊತ್ತಿಲ್ಲ. ಆಗಸ್ಟಿನಲ್ಲಿ ಖಾತೆ ಬರಿದಾಗಿ ಕಂತು ಬೌನ್ಸ್ ಆದರೆ ಬ್ಯಾಂಕ್ ಪ್ರತಿ ಸಲ ದಂಡ ಹಾಕುತ್ತದೆ. ತಿಂಗಳ ಕಂತು ಸತತ ಮೂರು ಸಲ ತಪ್ಪಿದರೆ ಎಸ್‌ಐಪಿ ರದ್ದಾಗುತ್ತದೆ. ಬಲ್ಲವರು ಮೊದಲು ಕೆಟ್ಟ ವರ್ಷದ ಅಂಕಿ ಕೇಳುತ್ತಾರೆ, ಒಂದೂವರೆ ವರ್ಷದ ಮನೆಖರ್ಚು ಮತ್ತು ಆಳಿನ ಕೂಲಿಯನ್ನು ಪಕ್ಕಕ್ಕೆ ತೆಗೆಸುತ್ತಾರೆ, ಉಳಿದದ್ದನ್ನು ಸುರಕ್ಷಿತ ಜಾಗದಲ್ಲಿಟ್ಟು ಅಲ್ಲಿಂದ ತಿಂಗಳು ತಿಂಗಳು ವರ್ಗಾಯಿಸುವ ದಾರಿ ಹೇಳುತ್ತಾರೆ.

ಕೊನೆಗೆ, ವರದಿ ಕನ್ನಡದಲ್ಲಿ ಕೊಡುತ್ತೀರಾ ಎಂದು ಕೇಳಿ. ಪೂರ್ತಿ ಅಲ್ಲದಿದ್ದರೂ ಎರಡು ಪುಟದ ಸಾರಾಂಶವಾದರೂ ಮನೆಯ ಹಿರಿಯರಿಗೆ ಓದಲು ಸಿಗಬೇಕು.

## ಹಂತ 6: ಸಹಿಗೆ ಮೊದಲು ಒಂದು ಸಣ್ಣ ಪರೀಕ್ಷೆ

ಇಬ್ಬರು ಉಳಿದಿರುತ್ತಾರೆ. ಈಗ ಮೌಲ್ಯದ ಪುಟವನ್ನು ಇಬ್ಬರಿಗೂ ಕಳಿಸಿ, "ಇದರಲ್ಲಿ ಯಾವುದು ಆಗುತ್ತೆ, ಯಾವುದು ಆಗಲ್ಲ, ಯಾವುದಕ್ಕೆ ಎಷ್ಟು ಖರ್ಚು? ಒಂದು ಪುಟದಲ್ಲಿ ತಿಳಿಸಿ" ಎಂದು ಕೇಳಿ. ಒಂದು ವಾರ ಕೊಡಿ. ಬೇಕಾದರೆ ಒಂದು ಗಂಟೆಯ ಫೀಸು ಕೊಟ್ಟೇ ಕೇಳಿ.

ಎಲ್ಲಕ್ಕೂ "ಆಗುತ್ತೆ" ಎಂದು ಬಂದ ಉತ್ತರವನ್ನು ಅನುಮಾನಿಸಿ. ಯಾವುದೋ ಒಂದು ಸಾಲಿನ ಪಕ್ಕ "ಇದು ಕಷ್ಟ, ಏಕೆಂದರೆ..." ಎಂದು ಬರೆದವರು ನಿಜವಾಗಿ ಓದಿದ್ದಾರೆ.

## ಹಂತ 7: ಒಪ್ಪಂದ ಮತ್ತು ಫೀಸು

ನೋಂದಾಯಿತ ಸಲಹೆಗಾರರು ಲಿಖಿತ ಒಪ್ಪಂದವಿಲ್ಲದೆ ಫೀಸು ಪಡೆಯುವಂತಿಲ್ಲ. ಫೀಸಿನಲ್ಲಿ ಎರಡು ಬಗೆ. ನಿಗದಿತ ಮೊತ್ತವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1,51,000 ರೂಪಾಯಿ. ಆಸ್ತಿಯ ಶೇಕಡಾವಾರು ಆದರೆ ವರ್ಷಕ್ಕೆ ಗರಿಷ್ಠ ಶೇ. 2.5. ಇವು ಮೇಲ್ಮಿತಿ ಮಾತ್ರ, ಸಾಮಾನ್ಯ ಕುಟುಂಬ ಇದರ ಹತ್ತಿರಕ್ಕೂ ಹೋಗಬೇಕಿಲ್ಲ. ಜಿಎಸ್‌ಟಿ ಇದ್ದರೆ ಮೇಲೆ ಶೇ. 18 ಸೇರುತ್ತದೆ, ಅದನ್ನೂ ಸೇರಿಸಿ ಹೇಳಲು ಕೇಳಿ.

ಮೌಲ್ಯ ಮುಖ್ಯ ಎನ್ನುವವರು ನಿಗದಿತ ಮೊತ್ತವನ್ನೇ ಆರಿಸುವುದು ಮೇಲು. ಆಸ್ತಿಯ ಶೇಕಡಾವಾರು ಪಡೆಯುವವರ ದುಡಿಮೆ ನಿಮ್ಮ ಹೂಡಿಕೆ ಕರಗಿದಷ್ಟೂ ಕರಗುತ್ತದೆ. ಸೊಸೈಟಿ ಸಾಲ ತೀರಿಸುತ್ತೇನೆ, ತಮ್ಮನ ಪಾಲಿನ ತೋಟ ಕೊಳ್ಳುತ್ತೇನೆ, ಶಾಲೆಗೆ ಕೊಡುತ್ತೇನೆ ಎಂದು ನೀವು ಹೇಳಿದಾಗಲೆಲ್ಲ ಅವರ ಫೀಸು ಇಳಿಯುತ್ತದೆ. ಎಷ್ಟೇ ಒಳ್ಳೆಯವರಿಗೂ ಆ ಗಳಿಗೆಯಲ್ಲಿ ನಾಲಿಗೆ ತಡೆಯುತ್ತದೆ.

ಮುಂಗಡವಾಗಿ ಗರಿಷ್ಠ ಒಂದು ವರ್ಷದ ಫೀಸು ಪಡೆಯಬಹುದು, ನೀವು ಒಪ್ಪಿದರೆ ಮಾತ್ರ. ಮೂರು ತಿಂಗಳಿಗೊಮ್ಮೆ ಕೊಡುವುದು ಲೇಸು. ನಡುವೆ ಬಿಟ್ಟರೆ ಉಳಿದ ಅವಧಿಯ ದುಡ್ಡು ವಾಪಸು ಬರಬೇಕು, ಅವರು ಹೆಚ್ಚೆಂದರೆ ಒಂದು ತ್ರೈಮಾಸಿಕದ ಫೀಸು ಹಿಡಿದುಕೊಳ್ಳಬಹುದು. ಫೀಸನ್ನು ಚೆಕ್ಕು, ಬ್ಯಾಂಕ್ ವರ್ಗಾವಣೆ ಅಥವಾ ಯುಪಿಐ ಮೂಲಕ ಕೊಡಿ. ನಗದು ಬೇಡ.

ಸಹಿ ಹಾಕುವ ಮೊದಲು ಮೌಲ್ಯದ ಪುಟವನ್ನು ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಿ, ಇಬ್ಬರೂ ಅದರ ಮೇಲೂ ಸಹಿ ಮಾಡಿ. ಎಲ್ಲ ಮಾಡಿ ಇದನ್ನೊಂದು ಮರೆಯುವವರೇ ಹೆಚ್ಚು. ಬಾಯಿಮಾತಿನಲ್ಲಿ ಉಳಿದ ಮೌಲ್ಯ, ಸಲಹೆಗಾರರ ಕಚೇರಿಯಲ್ಲಿ ಹುಡುಗರು ಬದಲಾದ ದಿನ ಹೋಯಿತು.

## ಹಂತ 8: ಯೋಜನೆ ಕೈಗೆ ಬಂದಾಗ ಓದುವ ಬಗೆ

ಹಂತ 2ರ ಗುಣಾಕಾರವನ್ನು ಹೊಸ ಪಟ್ಟಿಗೂ ಮಾಡಿ. ಪ್ರತಿ ಫಂಡೂ ಡೈರೆಕ್ಟ್ ಆಗಿರಬೇಕು. ನಾಮಿನಿ ಕಾಲಂನಲ್ಲಿ ಮಗಳ ಹೆಸರು ಬಂದಿದೆಯೇ ನೋಡಿ, ಆದರೆ ಪಾಲು ಹಂಚುವುದು ನಾಮಿನೇಷನ್ ಅಲ್ಲ, ಉಯಿಲು. ಪ್ರತಿ ಶಿಫಾರಸಿನ ಪಕ್ಕ ಅದು ನಿಮಗೆ ಏಕೆ ಹೊಂದುತ್ತದೆ ಎಂಬ ಕಾರಣ ಇರಬೇಕು, ಅದು ನಿಯಮ.

ಹಳೆಯದನ್ನೆಲ್ಲ ಒಂದೇ ದಿನ ಮಾರಿಸುವ ಯೋಜನೆಗೆ ಒಪ್ಪಬೇಡಿ. ಷೇರು ಫಂಡನ್ನು ಒಂದು ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ. 20 ತೆರಿಗೆ. ವರ್ಷ ದಾಟಿದ್ದರೆ ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 12.5. ಮಾರ್ಚಿನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಮಾರಿದರೆ ಆ ವಿನಾಯಿತಿ ಎರಡು ಸಲ ಸಿಗುತ್ತದೆ. ಹಳೆಯ ಜೀವವಿಮೆಯನ್ನು ಹೊಸ ಟರ್ಮ್ ಪಾಲಿಸಿ (ಸಾವಿಗೆ ಮಾತ್ರ ಪರಿಹಾರ ಕೊಡುವ ವಿಮೆ) ಕೈಗೆ ಬರುವವರೆಗೆ ನಿಲ್ಲಿಸಬೇಡಿ. ಸರೆಂಡರ್ ಮಾಡುವುದೋ, ಕಂತು ನಿಲ್ಲಿಸಿ ಪೇಯ್ಡ್‌ ಅಪ್ ಮಾಡಿಸುವುದೋ ಎರಡರ ಲೆಕ್ಕವನ್ನೂ ಬರೆಸಿಕೊಳ್ಳಿ.

## ಹಂತ 9: ವರ್ಷಕ್ಕೊಮ್ಮೆ ತಿರುಗಿ ನೋಡುವುದು

ಭೂಮಿ ಹುಣ್ಣಿಮೆಯ ವಾರ ಗುರುತು ಮಾಡಿಕೊಳ್ಳಿ. ಕೊನೆಕೊಯ್ಲಿಗೆ ಮುಂಚೆ, ದುಡ್ಡು ಬರುವುದಕ್ಕಿಂತ ಮೊದಲು ಬರುವ ದಿನ ಅದು. ಫಂಡುಗಳ ಹೆಸರೂ ಧೋರಣೆಯೂ ಬದಲಾಗುತ್ತವೆ, ಕಂಪನಿಗಳು ಹೊಸ ಉದ್ಯಮಕ್ಕೆ ಇಳಿಯುತ್ತವೆ. ಗುಣಾಕಾರ ಮತ್ತೆ ಮಾಡಿ. ಮಿತಿ ಮೀರಿದ್ದನ್ನು ನೀವು ತೋರಿಸುವ ಮೊದಲು ಸಲಹೆಗಾರರೇ ತೋರಿಸಿದರೆ ಮುಂದಿನ ವರ್ಷದ ಫೀಸು ಧಾರಾಳವಾಗಿ ಕೊಡಿ.

## ಕೂಡಲೇ ಎದ್ದು ಬರಬೇಕಾದ ಸೂಚನೆಗಳು

ಷೇರು ಸಂಬಂಧಿ ಹೂಡಿಕೆಗೆ "ಗ್ಯಾರಂಟಿ" ಪದ ಬಂದರೆ ಅಲ್ಲಿಗೆ ಮುಗಿಸಿ. ಫೀಸನ್ನು ಬಿಟ್ಟು ಹೂಡಿಕೆಯ ದುಡ್ಡನ್ನೇ ತಮ್ಮ ಖಾತೆಗೆ ಹಾಕಿ ಎಂದರೂ ಅಷ್ಟೇ, ಒಟಿಪಿ ಅಥವಾ ಪಾಸ್‌ವರ್ಡ್ ಕೇಳಿದರೂ ಅಷ್ಟೇ. ಸಲಹೆ ಜಾರಿಗೊಳಿಸಲೆಂದು ಮುಖ್ತ್ಯಾರನಾಮೆ ಕೇಳುವಂತಿಲ್ಲ. ತೃಪ್ತ ಗ್ರಾಹಕರ ಪ್ರಶಂಸೆಗಳನ್ನು ಜಾಹೀರಾತಿನಲ್ಲಿ ಹಾಕುವುದಕ್ಕೂ ಸೆಬಿ ನಿಷೇಧ ಹೇರಿದೆ, ಹಾಗಾಗಿ ಅಂಥ ವಿಡಿಯೋ ಕಳಿಸಿದವರಿಗೆ ನಿಯಮ ಗೊತ್ತಿಲ್ಲ ಅಥವಾ ಲೆಕ್ಕಕ್ಕಿಲ್ಲ.

ಇನ್ನೊಂದು ಸೂಚನೆ ಸ್ವಲ್ಪ ನಾಜೂಕಿನದು. ಮೌಲ್ಯವೇ ಗಾಳದ ಹುಳುವಾಗುವುದುಂಟು. ಬಡ್ಡಿ ಬೇಡವೆನ್ನುವವರನ್ನು ಹಲಾಲ್ ಲಾಭದ ಹೆಸರಿನಲ್ಲಿ ಸೆಳೆದ ಬೆಂಗಳೂರಿನ ಹೂಡಿಕೆ ಸಂಸ್ಥೆ ಐಎಂಎ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಮನೆಗಳ ಉಳಿತಾಯ ಹೋಯಿತು. ಇದು ಒಂದು ಸಮುದಾಯಕ್ಕೆ ಮಾತ್ರ ಬರುವ ಕಷ್ಟವಲ್ಲ. ದೇವರ ಫೋಟೋ, ಜಾತಿ ಸಂಘದ ಪದಾಧಿಕಾರ, ಹಸಿರು ಬಣ್ಣದ ಬ್ರೋಷರ್ ಯಾವುದೂ ನೋಂದಣಿ ಸಂಖ್ಯೆಗೆ ಬದಲಿಯಲ್ಲ. ಮೌಲ್ಯದ ಮಾತನ್ನು ನಿಮಗಿಂತ ಮೊದಲು, ನಿಮಗಿಂತ ಜೋರಾಗಿ ಅವರೇ ಆಡುತ್ತಿದ್ದರೆ ಹಂತ 4ಕ್ಕೆ ವಾಪಸು ಹೋಗಿ.

## ಕೆಟ್ಟ ಮೇಲೆ ಮಾಡಬೇಕಾದದ್ದು

ಬೇಡದ ವಿಮಾ ಪಾಲಿಸಿ ತಲೆಗೆ ಕಟ್ಟಿದ್ದರೆ ದಾಖಲೆ ಕೈಸೇರಿದ ದಿನದಿಂದ 30 ದಿನ ಎಣಿಸಿ. ಅಷ್ಟರೊಳಗೆ ಕಾರಣ ಬರೆದು ವಾಪಸು ಮಾಡಿದರೆ ಸಣ್ಣಪುಟ್ಟ ಕಡಿತ ಬಿಟ್ಟು ದುಡ್ಡು ಬರುತ್ತದೆ. "ಮುಂದಿನ ವಾರ ನೋಡೋಣ" ಎಂದು ಏಜೆಂಟರು ಮೂರು ಸಲ ಹೇಳಿದರೆ ಗಡುವು ದಾಟಿರುತ್ತದೆ, ಹಾಗಾಗಿ ಕಂಪನಿಗೇ ನೇರ ಇಮೇಲ್ ಮಾಡಿ. ಕಂಪನಿ ಸ್ಪಂದಿಸದಿದ್ದರೆ ವಿಮಾ ನಿಯಂತ್ರಕರ ದೂರು ಜಾಲತಾಣವಾದ ಬಿಮಾ ಭರೋಸಾ, ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್.

ಸಲಹೆಗಾರರ ಮೇಲಿನ ದೂರನ್ನು ಮೊದಲು ಅವರಿಗೇ ಲಿಖಿತವಾಗಿ ಕೊಡಿ, ಆಮೇಲೆ ಸೆಬಿಯ ದೂರು ಸ್ವೀಕರಿಸುವ ಸ್ಕೋರ್ಸ್ ಪೋರ್ಟಲ್‌ನಲ್ಲಿ ಹಾಕಿ. ಅಲ್ಲಿ ಉತ್ತರಕ್ಕೆ 21 ದಿನದ ಗಡುವಿದೆ. ಸಮಾಧಾನವಾಗದಿದ್ದರೆ ಸ್ಮಾರ್ಟ್ ಒಡಿಆರ್ ಎಂಬ ಆನ್‌ಲೈನ್ ಪಂಚಾಯಿತಿಕೆಗೆ ಹೋಗಬಹುದು. ಸೆಬಿಯ ಉಚಿತ ಸಹಾಯವಾಣಿ 1800 22 7575. ನೋಂದಣಿಯೇ ಇಲ್ಲದ ಸಂಸ್ಥೆ ಠೇವಣಿ ಪಡೆದು ಕೈಯೆತ್ತಿದರೆ ಕರ್ನಾಟಕದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬೇಕು, ರಸೀದಿಗಳ ಮೂಲಪ್ರತಿ ಕೈಬಿಡದೆ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನೆಂಟರಿಗೆ ಆಮೇಲೆ.